ಇಪ್ಪತ್ತೈದಕ್ಕೆ ನಾಲ್ಕು

1987ರ ಫೆಬ್ರವರಿ 9, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಡೂರಿನ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಅಂಚೆಯವರು ಒಂದು ಕಂದು ಲಕೋಟೆ ತಂದುಕೊಟ್ಟರು. ಒಳಗೆ ಒಂದು ಕ್ಯಾಸೆಟ್, ಅದರ ಜೊತೆ ಸೈಕ್ಲೋಸ್ಟೈಲ್ ಮಾಡಿದ ಎರಡು ಹಾಳೆ. ಕ್ಯಾಸೆಟ್ ನನ್ನದೇ. ಅದರ ಲೇಬಲ್ಲಿನ ಮೇಲೆ ಕೆಂಪು ಶಾಯಿಯಲ್ಲಿ 4/25 ಎಂದು ಬರೆದಿತ್ತು.

ಆ ಕ್ಯಾಸೆಟ್ಟಿನಲ್ಲಿ ಇದ್ದದ್ದು ನಾನು ಬರೆದ ಕಂಪ್ಯೂಟರ್ ಆಟ. ನಮ್ಮ ಇನ್‌ಸ್ಟಿಟ್ಯೂಟಿನ ಯಜಮಾನರು ಹಿಂದಿನ ವರ್ಷ ಒಂದು ಪುಟ್ಟ ಕಂಪ್ಯೂಟರ್ ತರಿಸಿದ್ದರು. ರಬ್ಬರ್ ಕೀಗಳದ್ದು, ಟಿವಿಗೆ ಜೋಡಿಸುವಂಥದ್ದು, ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನಿಂದ ಓದಿಸಬೇಕಾದದ್ದು. ಟೈಪಿಂಗ್ ಹೇಳಿಕೊಡುತ್ತಿದ್ದ ನನಗೆ ಮೊದಲ ಬ್ಯಾಚ್ ಶುರುವಾಗುವ ಮುಂಚೆ, ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ, ಅದನ್ನು ಮುಟ್ಟಲು ಅನುಮತಿ ಇತ್ತು. ನವೆಂಬರ್ 3ರಿಂದ ಜನವರಿ 20ರವರೆಗೆ ಎಪ್ಪತ್ತೊಂಬತ್ತು ದಿನ. ಕರೆಂಟ್ ಇದ್ದದ್ದು ಅರವತ್ತೊಂದು ದಿನ. ಬರೆದದ್ದು ನಾನೂರ ಹನ್ನೆರಡು ಸಾಲು. ಇದೆಲ್ಲ ನನ್ನ ಡೈರಿಯಲ್ಲಿದೆ.

ಆಟದ ಹೆಸರು 'ಬೀರೂರು ಜಂಕ್ಷನ್'. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾಗಬಾರದು. ಅದಕ್ಕೆ ಸ್ಟೇಷನ್ ಮಾಸ್ಟರು ಒಂದು ಯಂತ್ರದಿಂದ ಉಕ್ಕಿನ ಗೋಲಿ ತೆಗೆದು, ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಹಾಕಿ ಡ್ರೈವರನ ಕೈಗೆ ಕೊಡುತ್ತಾರೆ. ಆ ಗೋಲಿ ಮುಂದಿನ ಸ್ಟೇಷನ್ನಿನ ಯಂತ್ರಕ್ಕೆ ಬೀಳುವವರೆಗೆ ಇನ್ನೊಂದು ಗೋಲಿ ಹೊರಗೆ ಬರುವುದಿಲ್ಲ. ನನ್ನ ಆಟದಲ್ಲಿ ಆಡುವವರೇ ಬೀರೂರಿನ ಸ್ಟೇಷನ್ ಮಾಸ್ಟರ್. ಪರದೆಯ ಮೇಲ್ಭಾಗದ ಎಡಕ್ಕೆ ತರೀಕೆರೆ, ಬಲಕ್ಕೆ ಅಜ್ಜಂಪುರ, ಕೆಳಗೆ ಕಡೂರು. ಮೂರು ಕಡೆಯಿಂದಲೂ ಗಾಡಿ ಬರುತ್ತವೆ. ಪ್ರತಿ ಊರಿನ ಪಕ್ಕ ಒಂದು ಬಣ್ಣದ ಚೌಕ, ಅದೇ ಸಿಗ್ನಲ್. ಕೆಂಪಿದ್ದರೆ ಹಳಿಯಲ್ಲಿ ಎದುರಿಂದ ಗಾಡಿ ಬರುತ್ತಿದೆ, ಹಸಿರಿದ್ದರೆ ಗೋಲಿ ಕೊಟ್ಟು ಗಾಡಿ ಬಿಡಬಹುದು. ನಮ್ಮಪ್ಪ ಕಡೂರು ಸ್ಟೇಷನ್ನಿನಲ್ಲಿ ಇಪ್ಪತ್ತಾರು ವರ್ಷದಿಂದ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ನಾನು ಗೋಲಿಯ ಚೀಲ ನೋಡುತ್ತಲೇ ಬೆಳೆದವಳು.

ತೀರ್ಪು ಕೊಟ್ಟವರು ತರೀಕೆರೆಯ ಒಬ್ಬರು. ಅಲ್ಲಿ ವೀಡಿಯೊ ಕ್ಯಾಸೆಟ್ ಲೈಬ್ರರಿ ಇಟ್ಟುಕೊಂಡಿದ್ದರು. ತಿಂಗಳಿಗೊಮ್ಮೆ ಎರಡು ಹಾಳೆಯ ಸಂಚಿಕೆ ಹೊರಡಿಸಿ, ಹೊಸ ಕಂಪ್ಯೂಟರ್ ಆಟಗಳಿಗೆಲ್ಲ ಅಂಕ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಚಿತ್ರ, ಧ್ವನಿ, ವೇಗ, ಕೌತುಕ, ಮತ್ತೆ ಆಡಬೇಕೆನಿಸುವುದು, ಹೀಗೆ ಐದು ತಲೆಬರಹ, ಒಂದೊಂದಕ್ಕೆ ಐದೈದು ಅಂಕ. ನನ್ನ ಎಣಿಕೆಯ ಪ್ರಕಾರ ಆಗ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರು ಸೇರಿ ಹನ್ನೊಂದು ಕಂಪ್ಯೂಟರ್ ಇದ್ದವು. ಆ ಹನ್ನೊಂದೂ ಮನೆಯವರು ಅವರ ಹಾಳೆ ನೋಡದೆ ಒಂದು ಆಟವನ್ನೂ ತರಿಸುತ್ತಿರಲಿಲ್ಲ. ಹದಿನೈದು ದಾಟಿದರೆ ಕೊಳ್ಳುವರು, ಹತ್ತಕ್ಕಿಂತ ಕಡಿಮೆಯಾದರೆ ಯಾರೂ ಮೂಸುತ್ತಿರಲಿಲ್ಲ.

ನನ್ನ ಆಟದ ಬಗ್ಗೆ ಬರೆದದ್ದು ಇಷ್ಟು: "ಚಿತ್ರ 1, ಧ್ವನಿ 1, ವೇಗ 2, ಕೌತುಕ 0, ಮತ್ತೆ ಆಡಬೇಕೆನಿಸುವುದು 0. ಹೆಸರನ್ನು ಕನ್ನಡದಲ್ಲಿ ಬರೆದಿರುವುದು ಚೆನ್ನಾಗಿದೆ. ಆದರೆ ಕಡೂರಿನ ಸಿಗ್ನಲ್ ಯಾವಾಗಲೂ ಹಸಿರು. ಹಸಿರು ನಂಬಿ ಗಾಡಿ ಬಿಟ್ಟರೆ ಡಿಕ್ಕಿ. ಬರೆದವರು ರೈಲನ್ನು ಊರಾಚೆಯಿಂದ ನೋಡಿದವರಿರಬೇಕು."

ಕೊನೆಯ ವಾಕ್ಯವನ್ನು ಹನ್ನೊಂದು ಸಲ ಓದಿದೆ.

ಯಜಮಾನರೂ ಓದಿದರು. ಜೂನ್‌ನಲ್ಲಿ ಅವರು ಕಂಪ್ಯೂಟರ್ ತರಗತಿ ಶುರು ಮಾಡುವವರಿದ್ದರು. ಆಟಕ್ಕೆ ಒಳ್ಳೆ ಅಂಕ ಬಂದರೆ ಕರಪತ್ರದಲ್ಲಿ ಹಾಕೋಣ, ಪಾಠ ಹೇಳುವ ಕೆಲಸ ನಿನಗೇ ಎಂದು ಜನವರಿಯಲ್ಲಿ ಹೇಳಿದ್ದರು. ಈಗ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡರು.

"ದಾವಣಗೆರೆ ಹುಡ್ಗ ಒಬ್ಬ ಅರ್ಜಿ ಹಾಕಿದಾನೆ ಕಣಮ್ಮ. ಸರ್ಟಿಫಿಕೇಟು ಅದೆ. ಏಪ್ರಿಲ್ ಹದಿನೈದಕ್ಕೆ ಬರ್‌ಹೇಳಿದೀನಿ."

"ಸಾರ್, ಇದು ಸುಳ್ಳು. ಕಡೂರು ಸಿಗ್ನಲ್ ಕೆಂಪಾಗುತ್ತೆ. ನೀವೇ ನೋಡಿದೀರಿ."

"ನಾನು ನೋಡಿದ್ರೆ ಏನ್ಬಂತು? ಊರೋರು ನೋಡೋದು ಅವರ ಹಾಳೇನ."

ಏಪ್ರಿಲ್ 15ಕ್ಕೆ ಅರವತ್ತೈದು ದಿನ ಇತ್ತು. ಅಷ್ಟರೊಳಗೆ ಆ ಮನುಷ್ಯನ ಬಾಯಿಂದಲೇ ತಪ್ಪಾಯಿತು ಅನ್ನಿಸಬೇಕು ಎಂದು ಅವತ್ತಿನ ಪುಟದಲ್ಲಿ ಬರೆದಿದ್ದೇನೆ. ಕೆಲಸ ಸಿಗಬೇಕು ಎಂಬುದು ಅದರ ಕೆಳಗಿನ ಸಾಲಿನಲ್ಲಿದೆ.

ಮೊದಲು ನನ್ನ ಆಟವನ್ನೇ ಪರೀಕ್ಷೆಗೆ ಹಚ್ಚಿದೆ. ಒಂಬತ್ತು ದಿನ ಬೆಳಿಗ್ಗೆ ಕೂತು ಒಟ್ಟು ನೂರು ಸಲ ಆಡಿದೆ. ಆಟ ಶುರುವಾದಾಗ ಕಡೂರಿನ ಚೌಕ ಯಾವ ಬಣ್ಣ ಎಂದು ಪ್ರತಿ ಸಲವೂ ಗೀಟು ಹಾಕಿದೆ. ಕೆಂಪು ಐವತ್ತೇಳು, ಹಸಿರು ನಲವತ್ತಮೂರು. ಯಾವಾಗಲೂ ಹಸಿರು ಎಂದವರು ಆಟ ಆಡಿಯೇ ಇಲ್ಲ ಎಂದು ತೀರ್ಮಾನಿಸಿದೆ.

ಆಮೇಲೆ ಅವರ ಹಳೆಯ ಸಂಚಿಕೆಗಳನ್ನು ಹಿಡಿದೆ. ಯಜಮಾನರು ಹದಿನಾಲ್ಕನ್ನೂ ದಾರ ಹಾಕಿ ಜೋಡಿಸಿಟ್ಟಿದ್ದರು. ಅವುಗಳಲ್ಲಿ ಅಂಕ ಪಡೆದ ಒಂಬತ್ತು ಆಟ ನಮ್ಮ ಇನ್‌ಸ್ಟಿಟ್ಯೂಟಿನಲ್ಲೇ ಇದ್ದವು. ಒಂದೊಂದನ್ನೂ ಟೇಪಿನಿಂದ ಓದಿಸಲು ನಾಲ್ಕೂವರೆ ನಿಮಿಷ. ಅವರ ಮಾತು ಎಡಕ್ಕೆ, ನನ್ನ ಕಣ್ಣಿಗೆ ಕಂಡದ್ದು ಬಲಕ್ಕೆ ಬರೆಯುತ್ತ ಹೋದೆ. ನಕ್ಷತ್ರಗಳ ನಡುವೆ ಹಾರುವ ಆಟವೊಂದಕ್ಕೆ "ನೀಲಿ ಆಕಾಶ ಮನೋಹರ" ಎಂದು ಬರೆದಿದ್ದರು. ಆ ಆಟದಲ್ಲಿ ಆಕಾಶ ಕಪ್ಪು. ಗುಹೆಯೊಳಗೆ ನಡೆಯುವ ಇನ್ನೊಂದಕ್ಕೆ "ನೆಲದ ಹುಲ್ಲು ಕಣ್ಣಿಗೆ ತಂಪು" ಎಂದಿದ್ದರು. ಅಲ್ಲಿ ಹುಲ್ಲೇ ಇಲ್ಲ, ಬಿಳಿ ಕಲ್ಲು. ಒಂಬತ್ತರಲ್ಲಿ ಐದು ಹೀಗೆ. ಮನೆಯಲ್ಲಿ ಕೂತು ಮನಸ್ಸಿಗೆ ಬಂದದ್ದು ಗೀಚುತ್ತಾರೆ ಎಂಬುದಕ್ಕೆ ಇನ್ನೇನು ಬೇಕು? ಆ ಪಟ್ಟಿಯನ್ನು ನೀಟಾಗಿ ಟೈಪ್ ಮಾಡಿದೆ. ಒಂದೇ ಒಂದು ಅಕ್ಷರ ತಪ್ಪದ ಹಾಗೆ ಮಾಡಿದೆ. ಅಷ್ಟು ಸಂತೋಷದಿಂದ ಟೈಪ್ ಮಾಡಿದ್ದು ನೆನಪಿಲ್ಲ.

ಅವರ ಮುಖ ನೋಡಬೇಕಿತ್ತು. ಮಾರ್ಚ್ 15, ಭಾನುವಾರ, ಬೆಳಿಗ್ಗೆಯ ಬಸ್ಸಿಗೆ ತರೀಕೆರೆಗೆ ಹೋದೆ. ಹೆಸರು ಹೇಳಲಿಲ್ಲ, ಕಡೂರಿನಿಂದ ಬಂದಿದ್ದೇನೆ, ಸದಸ್ಯಳಾಗಬೇಕು ಎಂದೆ. ನಲವತ್ತೈದರ ಆಸುಪಾಸಿನ ಸಣಕಲು ಮನುಷ್ಯ, ತೊಳೆದು ತೊಳೆದು ತೆಳುವಾದ ಬಿಳಿ ಅಂಗಿ. ಕೂರಲು ಸ್ಟೂಲು ಒರೆಸಿ ಕೊಟ್ಟರು. ನನಗೆ ಬೇಕಿದ್ದದ್ದು ಮರ್ಯಾದೆ ಇಲ್ಲದ ಮನುಷ್ಯ. ಅದು ಸಿಗಲಿಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ಯಾವ ಥರದ ಆಟ ಇಷ್ಟ ಅಮ್ಮ ನಿಮ್ಗೆ?"

"ರೈಲಿನ ಆಟ ಇದ್ಯಾ ಸಾರ್?"

"ಒಂದು ಬಂದಿತ್ತು. ಬೇಡ ಬಿಡಿ. ಪಾಪ, ಯಾರೋ ಕಷ್ಟಪಟ್ಟು ಬರ್ದಿದ್ರು. ಮೂವತ್ತು ಸಲ ಆಡ್ದೆ ನೋಡಿ, ಒಂದ್ಸಲಾನೂ ಎರಡು ನಿಮಿಷ ದಾಟ್ಲಿಲ್ಲ."

ಮೂವತ್ತು ಸಲ ಎಂದು ಅವರು ಹೇಳಿದಾಗ ನಂಬಲಿಲ್ಲ. ಅವರು ಒಳಗಿನ ಕೋಣೆಯ ಪರದೆ ಸರಿಸಿದರು. "ಬನ್ನಿ, ಬೇರೆ ಆಟ ತೋರಿಸ್ತೀನಿ, ಕಲರ್‌ನಲ್ಲೇ ನೋಡಿ" ಎಂದರು.

ಮೇಜಿನ ಮೇಲೆ ಕಪ್ಪು-ಬಿಳುಪು ಟಿವಿ. ಅದರ ಗಾಜಿಗೆ ಮೂರು ಪಟ್ಟಿಯ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಸಂತೆಯಲ್ಲಿ ಸುರುಳಿ ಸುತ್ತಿ ಮಾರುತ್ತಾರಲ್ಲ, ಅದೇ. ಟಿವಿಯಲ್ಲಿ ಯಾರ ಮುಖ ಬಂದರೂ ಹಣೆ ನೀಲಿ, ಗದ್ದ ಹಸಿರು.

ಕಡೂರು ನನ್ನ ಪರದೆಯ ಕೆಳಗಿದೆ. ಅದರ ಚೌಕ ಕೆಂಪಾಗಲಿ ಏನಾಗಲಿ, ಈ ಹಾಳೆಯ ಹಿಂದೆ ಅದು ಹಸಿರೇ.

"ಈ ಹಾಳೆ ಯಾವಾಗ ಹಾಕ್ಸಿದ್ದು ಸಾರ್?" ಎಂದೆ.

"ಅದಾ? ಎರಡು ವರ್ಷ ಆಯ್ತೇನೊ. ಬಿಸ್ಲಲ್ಲಿ ಗಾಜಿಗೆ ಕಚ್ಕೊಂಡ್ಬಿಟ್ಟಿದೆ, ಬರಲ್ಲ. ಅದಿರೋದೇ ನಂಗೆ ಮರ್ತೋಗಿತ್ತು ನೋಡಿ, ನೀವು ಕೇಳಿದ್ಮೇಲೆ ನೆನಪಾಯ್ತು."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ನಕ್ಕೆ. ಹದಿನಾಲ್ಕು ತಿಂಗಳಿನಿಂದ ಒಂದು ಪ್ಲಾಸ್ಟಿಕ್ ಹಾಳೆ ಮೂರು ಊರಿಗೆ ತೀರ್ಪು ಹೇಳುತ್ತಿತ್ತು. ಟೈಪ್ ಮಾಡಿದ ಪಟ್ಟಿಗೆ ಮೇಲೆ ಏನು ಶೀರ್ಷಿಕೆ ಹಾಕಬೇಕು, ಯಾರ ಯಾರ ಮನೆಗೆ ಕಳಿಸಬೇಕು ಎಂದು ಬೀರೂರು ಬರುವಷ್ಟರಲ್ಲಿ ತೀರ್ಮಾನವಾಗಿತ್ತು.

ಅಂದು ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. ನಾನು ನಗುತ್ತಲೇ ಎಲ್ಲ ಹೇಳಿದೆ. ಅಪ್ಪ ನಗಲಿಲ್ಲ.

"ಅಲ್ಲ ಕಣವ್ವ, ನಿನ್ನ ಆಟದಾಗೆ ಸಿಗ್ನಲ್‌ಗೆ ತೋಳಿಲ್ವಾ?"

"ಇಲ್ಲ. ಬಣ್ಣದ ಚೌಕ ಅಷ್ಟೆ."

"ಹಗಲೊತ್ತು ಬಣ್ಣ ಯಾವನು ನೋಡ್ತಾನೆ? ತೋಳು ಅಡ್ಡ ಇದ್ರೆ ನಿಲ್ಲು, ಬಗ್ಗಿದ್ರೆ ಹೋಗು. ಬಿಸ್ಲು ಹೊಡೀವಾಗ ಕೆಂಪೂ ಒಂದೆ, ಹಸ್ರೂ ಒಂದೆ. ಇಪ್ಪತ್ತಾರು ವರ್ಷ ತೋಳು ನೋಡೇ ಹೊಟ್ಟೆ ಹೊರ್‌ದಿರೋದು."

"ಆ ಮನುಷ್ಯ ನಿನ್ನ ಮಗಳಿಗೆ ರೈಲೇ ಗೊತ್ತಿಲ್ಲ ಅಂತ ಬರ್ದಿದಾನೆ ಅಪ್ಪ."

"ತೋಳಿಲ್ದಿರೋ ಸಿಗ್ನಲ್ ಮಾಡಿದ್ರೆ ನಾನೂ ಅದೇ ಅಂತಿದ್ದೆ ಬಿಡು."

"ನೀನ್ಯಾರ ಕಡೆ?"

"ನಂಗೊಂದು ಲೋಟ ಕಾಫಿ ಯಾರು ಕೊಡ್ತಾರೋ ಅವರ ಕಡೆ" ಎಂದು ಟವಲ್ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು.

ಅಪ್ಪನ ಮಾತು ಚುಚ್ಚಿತು. ಬಣ್ಣ ಎಲ್ಲರ ಮನೆಯಲ್ಲೂ ಸರಿಯಾಗೇ ಕಾಣುತ್ತದೆ ಎಂದು ಅಂಕಿಗಳಿಂದಲೇ ಅಪ್ಪನ ಬಾಯಿ ಮುಚ್ಚಿಸೋಣವೆಂದು ಮಾರ್ಚ್ 16ರಿಂದ 18ರವರೆಗೆ ನಮ್ಮ ಬೀದಿ, ರೈಲ್ವೆ ಕ್ವಾರ್ಟರ್ಸ್ ಎರಡರಲ್ಲೂ ಆಂಟೆನಾ ಇರುವ ಮನೆಗಳಿಗೆಲ್ಲ ಏನೋ ನೆಪ ಹೇಳಿ ಹೋಗಿ ಬಂದೆ. ಹತ್ತೊಂಬತ್ತು ಟಿವಿ. ಕಲರ್ ಎರಡು. ಉಳಿದ ಹದಿನೇಳು ಕಪ್ಪು-ಬಿಳುಪು, ಅವುಗಳಲ್ಲಿ ಹನ್ನೊಂದಕ್ಕೆ ಬಣ್ಣದ ಹಾಳೆ. ಕಂಪ್ಯೂಟರ್ ಇದ್ದ ಹನ್ನೊಂದು ಮನೆಗಳ ಲೆಕ್ಕವನ್ನೂ ಕಾಗದ ಬರೆದು, ಕೇಳಿ ತಿಳಿದೆ. ಎಂಟು ಮನೆಯಲ್ಲಿ ಕಪ್ಪು-ಬಿಳುಪು. ನಾನು ಆಟ ಬರೆದದ್ದು, ಆಡಿದ್ದು, ನೂರು ಸಲ ಪರೀಕ್ಷಿಸಿದ್ದು ಎಲ್ಲವೂ ಇನ್‌ಸ್ಟಿಟ್ಯೂಟಿನ ಕಲರ್ ಟಿವಿಯಲ್ಲಿ. ಬೇರೆ ಟಿವಿ ಇರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮಾರ್ಚ್ 19ರ ಪುಟದಲ್ಲಿ ಮೂರು ದಾರಿ ಬರೆದಿದ್ದೇನೆ. ಪ್ಲಾಸ್ಟಿಕ್ ಹಾಳೆಯ ಸಂಗತಿ ಊರಿಗೆಲ್ಲ ಹೇಳುವುದು ಒಂದು. ಹೇಳಿದರೆ ಓದಿದವರು ಎದ್ದು ಹೋಗಿ ತಮ್ಮ ಮನೆಯ ಟಿವಿ ನೋಡುತ್ತಾರೆ, ನನ್ನ ಆಟ ಅಲ್ಲೂ ಡಿಕ್ಕಿ ಹೊಡೆಯುತ್ತದೆ. ಆಟ ತಿದ್ದಿ, ತಿದ್ದಿದ್ದೇನೆ ಎಂದು ಹೇಳಿ ಮತ್ತೆ ಕಳಿಸುವುದು ಇನ್ನೊಂದು. ಆಗ ಮೊದಲಿನ ನಾಲ್ಕು ಅಂಕ ಸರಿಯಾಗಿತ್ತು ಎಂದು ನಾನೇ ಒಪ್ಪಿದ ಹಾಗೆ. ಊರಾಚೆಯಿಂದ ರೈಲು ನೋಡಿದವಳು ಎಂಬ ಮಾತೂ ಹಾಗೇ ಉಳಿಯುತ್ತದೆ. ಮೂರನೆಯದು, ತಿದ್ದುವುದು, ತಿದ್ದಿದ್ದನ್ನು ಯಾರಿಗೂ ಹೇಳದಿರುವುದು, ಅದೇ ಆಟ ಎಂದು ಹತ್ತು ಜನರ ಮುಂದೆ ಅವರ ಕೈಯಲ್ಲೇ ಆಡಿಸುವುದು. ಮೂರನೆಯದರ ಕೆಳಗೆ ಎರಡು ಗೆರೆ ಎಳೆದಿದೆ.

ತಿದ್ದುವುದು ಸುಲಭವಿರಲಿಲ್ಲ. ಆ ಕಂಪ್ಯೂಟರಿನಲ್ಲಿ ನಾವೇ ಚಿತ್ರ ಬಿಡಿಸಿಕೊಳ್ಳಲು ಇಪ್ಪತ್ತೊಂದು ಪುಟ್ಟ ಚೌಕಗಳಷ್ಟೇ ಇದ್ದವು. ಒಂದೊಂದರಲ್ಲೂ ಎಂಟು ಅಡ್ಡ, ಎಂಟು ಉದ್ದ ಚುಕ್ಕಿ. ಒಂದು ಚೌಕಕ್ಕೆ ಎಂಟು ಸಂಖ್ಯೆ ಲೆಕ್ಕ ಹಾಕಿ ಕೊಡಬೇಕು. ನಾನು ಎಂಜಿನ್, ಬೋಗಿ, ಗೋಲಿ, ಸ್ಟೇಷನ್, ಹಳಿಗೆ ಒಂಬತ್ತು ಬಳಸಿದ್ದೆ. ಉಳಿದ ಹನ್ನೆರಡರಲ್ಲಿ ಆಟದ ಹೆಸರನ್ನು ಕನ್ನಡದಲ್ಲಿ ಬರೆದಿದ್ದೆ, ಒಂದೊಂದು ಅಕ್ಷರಕ್ಕೆ ಎರಡೆರಡು ಚೌಕ. 'ಕ್ಷ' ಒಂದಕ್ಕೇ ನಾಲ್ಕು ಬೆಳಿಗ್ಗೆ ಹಿಡಿದಿತ್ತು. ಆ ಯಂತ್ರದಲ್ಲಿ ಕನ್ನಡ ಮೂಡಿದ್ದನ್ನು ಅಲ್ಲಿಯವರೆಗೆ ನಾನು ಎಲ್ಲಿಯೂ ನೋಡಿರಲಿಲ್ಲ.

ಸಿಗ್ನಲ್ಲಿಗೆ ಅಡ್ಡ ತೋಳು ಒಂದು, ಬಗ್ಗಿದ ತೋಳು ಒಂದು. ಎರಡು ಚೌಕ ಬೇಕು. ನನಗೆ ಆಗ ಗೊತ್ತಿದ್ದ ಮಟ್ಟಿಗೆ ಅವನ್ನು ಹೆಸರಿನಿಂದಲೇ ಕೀಳಬೇಕು. ಎರಡು ಚೌಕ ಕಿತ್ತರೆ ಒಂದು ಅಕ್ಷರ ಹೋಗುತ್ತದೆ, ಅರೆಬರೆ ಹೆಸರು ಇಡುವ ಹಾಗಿಲ್ಲ. ಮಾರ್ಚ್ 24, ಮಂಗಳವಾರ, ಆರು ಗಂಟೆ ಐವತ್ತು ನಿಮಿಷಕ್ಕೆ ಹನ್ನೆರಡು ಚೌಕವನ್ನೂ ಅಳಿಸಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ನೋಟ್‌ಬುಕ್ಕಿನಲ್ಲಿದ್ದ ಅಕ್ಷರಗಳ ತೊಂಬತ್ತಾರು ಸಂಖ್ಯೆಯನ್ನೂ ರಬ್ಬರ್ ಹಿಡಿದು ಉಜ್ಜಿದೆ. ಸಾಕ್ಷಿ ಉಳಿಯಬಾರದಿತ್ತು.

ತೋಳು ಕೂಡಿಸಿದ ಮೇಲೆ ಬಣ್ಣದ ಹಾಳೆ ಹಾಕಿದ್ದ ಪಕ್ಕದ ಮನೆಯ ಟಿವಿಗೆ ಕಂಪ್ಯೂಟರ್ ಜೋಡಿಸಿ ಇಪ್ಪತ್ತು ಸಲ ಆಡಿದೆ. ಹದಿನೇಳು ಸಲ ಹತ್ತು ನಿಮಿಷ ದಾಟಿತು. ಮೊದಲು ಹಂಚಿದ್ದ ಆರು ಕ್ಯಾಸೆಟ್ಟುಗಳಲ್ಲಿ ಒಂದು ತರೀಕೆರೆಯಿಂದ ತಿರುಗಿ ಬಂದದ್ದು. ಟೇಪಿನಲ್ಲಿ ದೋಷವಿದೆ, ಬದಲಿಸಿಕೊಡುತ್ತೇನೆ ಎಂದು ಹೇಳಿ ಇನ್ನು ಮೂರನ್ನು ವಾಪಸ್ಸು ತರಿಸಿಕೊಂಡೆ. ಎರಡು ಸಿಗಲಿಲ್ಲ. ತರೀಕೆರೆಯಿಂದ ಬಂದ ಕ್ಯಾಸೆಟ್ಟಿನ ಮೇಲೇ, ಕೆಂಪು ಶಾಯಿಯ 4/25 ಲೇಬಲ್ಲನ್ನು ಹಾಗೇ ಬಿಟ್ಟು, ಹೊಸ ಆಟವನ್ನು ರೆಕಾರ್ಡ್ ಮಾಡಿದೆ. ಅವರು ಆಟಗಳ ಪ್ರತಿ ಇಟ್ಟುಕೊಳ್ಳುವವರಲ್ಲ ಎಂದು ಸಂಚಿಕೆಯ ಕೊನೆಯಲ್ಲಿ ತಾವೇ ಪ್ರತಿ ತಿಂಗಳೂ ಬರೆಯುತ್ತಿದ್ದರು.

ಅಜ್ಜಂಪುರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ತರೀಕೆರೆಯವರ ಸಂಚಿಕೆಯ ಓದುಗರು. ಅವರ ಶಾಲೆಗೆ ದಾನವಾಗಿ ಬಂದ ಕಲರ್ ಟಿವಿ ಇತ್ತು. ನಾನು ಹೇಳಿದ ಹಾಗೆ ಯಜಮಾನರು ಮೇಷ್ಟ್ರಿಗೂ ತರೀಕೆರೆಯವರಿಗೂ ಕಾಗದ ಬರೆದರು, 'ಶಾಲೆಯಲ್ಲಿ ಎಲ್ಲರ ಎದುರು ಮರುಪರೀಕ್ಷೆ ಆಗಲಿ' ಎಂದು. ತರೀಕೆರೆಯವರು ಕಾರ್ಡಿನಲ್ಲಿ ಉತ್ತರ ಬರೆದರು: "ಸಂತೋಷ. ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ."

ಏಪ್ರಿಲ್ 5, ಭಾನುವಾರ. ಅಜ್ಜಂಪುರದ ಶಾಲೆಯ ಕೊಠಡಿಯಲ್ಲಿ ಇಪ್ಪತ್ತಮೂರು ಜನ. ಹನ್ನೊಂದು ಗಂಟೆಗೆ ಟೇಪ್ ಹಚ್ಚಿದೆವು. ನಾಲ್ಕು ನಿಮಿಷ ಕಿರುಗುಟ್ಟಿ ನಿಂತುಹೋಯಿತು. ಮತ್ತೆ ಹಚ್ಚಿದೆವು, ಮತ್ತೆ ನಿಂತಿತು. ಶಾಲೆಯ ರೆಕಾರ್ಡರಿನಲ್ಲಿ ಟೇಪು ಓದುವ ಹೆಡ್ಡು ಓರೆಯಾಗಿತ್ತು. ನಾನು ಸ್ಕ್ರೂಡ್ರೈವರ್ ಹಿಡಿದು ಅದರ ಸ್ಕ್ರೂವನ್ನು ಬೇಕಾದ್ದಕ್ಕಿಂತ ಹೆಚ್ಚೇ ತಿರುಗಿಸುತ್ತಿದ್ದೆ. ತರೀಕೆರೆಯವರೇ ಎದ್ದು ಬಂದರು.

"ಕೊಡಿ ಅಮ್ಮ. ಒಂದೇ ಒಂದು ಕೂದಲೆಳೆ ತಿರುಗಿಸ್ಬೇಕು. ಕಿವಿ ಕೊಟ್ಟು ಕೇಳಿ, ಸದ್ದು ಚೂಪಾದ್ರೆ ಸಾಕು."

ನನ್ನನ್ನು ಗುರುತಿಸಿದ್ದರು. "ಅವತ್ತು ಹೆಸರೇ ಹೇಳ್ಲಿಲ್ಲ ನೀವು" ಎಂದು ನಕ್ಕರು. ಸ್ಕ್ರೂ ತಿರುಗಿಸಿ, ಲೇಬಲ್ ನೋಡಿ, "ಹೂಂ, ನನ್ನ ಅಕ್ಷರಾನೇ" ಎಂದರು. ಮೂರನೆಯ ಸಲ ಆಟ ತೆರೆದುಕೊಂಡಿತು.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬಂತು. ಅವರ ಕೈ ಕೀಗಳ ಮೇಲೆ ನಿಂತಿತು.

"ಅಮ್ಮ, ಮೊದ್ಲು ಇದ್ರಲ್ಲಿ ಕನ್ನಡದಲ್ಲಿ ಹೆಸರಿತ್ತಲ್ವಾ?"

ನಾನು ಅದಕ್ಕೆ ತಯಾರಾಗಿಯೇ ಹೋಗಿದ್ದೆ. "ಇಲ್ಲ ಸಾರ್" ಎಂದೆ.

"ಇತ್ತು ಅನ್ಸುತ್ತೆ. ಆ 'ಕ್ಷ' ಎಷ್ಟು ಚೆನ್ನಾಗಿ ಬರ್ದಿದ್ರು ಅಂತ ನಮ್ಮ ಮನೆಯವಳ್ನ ಕರೆದು ತೋರ್ಸಿದ್ದೆ. ಹಾಳೇಲೂ ಬರ್ದಿದೀನಿ."

"ಬೇರೆ ಯಾವುದಾದ್ರೂ ಆಟದ್ದು ಇದಕ್ಕೆ ಸೇರಿಸಿ ಬರ್ದಿರ್ಬೇಕು ಸಾರ್. ಟೇಪು ಅದೇ. ಲೇಬಲ್ಲೂ ನಿಮ್ಮದೇ."

ಅವರು ನಮ್ಮ ಯಜಮಾನರ ಕಡೆ ತಿರುಗಿದರು. ಯಜಮಾನರು ಒಂದು ಗಳಿಗೆ ನನ್ನನ್ನು ನೋಡಿದರು. "ನಂಗೆ ಗೊತ್ತಿದ್ದಂಗೆ ಇಂಗ್ಲಿಷೇ ಸಾರ್" ಎಂದರು.

"ಹಂಗಾದ್ರೆ ನನ್ನ ನೆನಪೇ ತಪ್ಪಿರ್ಬೇಕು" ಎಂದು ಅವರು ಆಟ ಶುರು ಮಾಡಿದರು.

ನಲವತ್ತೆರಡು ನಿಮಿಷ ಆಡಿದರು. ಒಂದೂ ಡಿಕ್ಕಿ ಇಲ್ಲದೆ ಇಪ್ಪತ್ತೇಳು ಗಾಡಿ ದಾಟಿಸಿದರು. ಅಜ್ಜಂಪುರದಿಂದ ಗೂಡ್ಸು, ತರೀಕೆರೆಯಿಂದ ಪ್ಯಾಸೆಂಜರು ಒಟ್ಟಿಗೇ ಬಂದಾಗ ಕೊಠಡಿಯವರೆಲ್ಲ ಮುಂದಕ್ಕೆ ಬಗ್ಗಿದರು. ಅವರು ಉಸಿರು ಹಿಡಿದು ಗೋಲಿ ಕೊಟ್ಟರು, ಗಾಡಿ ದಾಟಿದ ಮೇಲೆ ಬಿಟ್ಟರು. ಅಷ್ಟು ಚೆನ್ನಾಗಿ ನನ್ನ ಆಟವನ್ನು ಇವತ್ತಿನವರೆಗೂ ಯಾರೂ ಆಡಿಲ್ಲ. ಮುಗಿದ ಮೇಲೆ ಎದ್ದು ನಿಂತು ಅಂಕ ಓದಿದರು. ಚಿತ್ರ 3, ಧ್ವನಿ 2, ವೇಗ 4, ಕೌತುಕ 5, ಮತ್ತೆ ಆಡಬೇಕೆನಿಸುವುದು 5. ಹತ್ತೊಂಬತ್ತು.

ಹಿಂದಿನ ಬೆಂಚಿನಲ್ಲಿದ್ದ ಕಡಲೆಕಾಯಿ ಮಂಡಿಯ ಸಾಹುಕಾರರು ಬಾಯಿ ತೆರೆದರು. "ಏನ್ ಸಾರ್, ಫೆಬ್ರವರಿನಾಗೆ ನಾಲ್ಕು, ಏಪ್ರಿಲ್‌ನಾಗೆ ಹತ್ತೊಂಬತ್ತು. ನಮ್ಮ ಕಡ್ಲೆಕಾಯಿ ರೇಟೂ ಹಿಂಗೆ ಏರಲ್ಲ ಬಿಡಿ."

ಎಲ್ಲರೂ ನಕ್ಕರು. ನಾನು ಎದ್ದೆ. ಫೆಬ್ರವರಿಯ ಹಾಳೆಯನ್ನು ಚೀಲದಿಂದ ತೆಗೆದು, ಕನ್ನಡದ ಹೆಸರಿನ ಸಾಲನ್ನು ಬಿಟ್ಟು, ಉಳಿದದ್ದನ್ನು ಜೋರಾಗಿ ಓದಿದೆ. 'ರೈಲನ್ನು ಊರಾಚೆಯಿಂದ ನೋಡಿದವರಿರಬೇಕು' ಎಂಬಲ್ಲಿ ನಿಲ್ಲಿಸಿ, "ನಮ್ಮಪ್ಪ ಇಪ್ಪತ್ತಾರು ವರ್ಷದಿಂದ ಕಡೂರು ಸ್ಟೇಷನ್ನಿನಲ್ಲಿದಾರೆ ಸಾರ್" ಎಂದೆ. ಅವರು ಎರಡೂ ಕೈ ಜೋಡಿಸಿದರು. ಅದನ್ನು ನೋಡಲೆಂದೇ ಐವತ್ತೈದು ದಿನ ಕೆಲಸ ಮಾಡಿದ್ದೆ. ಕಣ್ತುಂಬ ನೋಡಿದೆ.

ಬೀರೂರಿನವರೆಗೆ ರೈಲಿನಲ್ಲಿ ಯಜಮಾನರು ನನ್ನ ಎದುರಿಗೆ ಕೂತಿದ್ದರು. ಅರ್ಧ ದಾರಿ ಕಳೆದ ಮೇಲೆ ಕೇಳಿದರು.

"ಕನ್ನಡ ಇತ್ತಲ್ವೇನಮ್ಮ?"

"ಇತ್ತು ಸಾರ್."

ಬೀರೂರಿನಲ್ಲಿ ಇಳಿಯುವಾಗ, "ಆ ದಾವಣಗೆರೆ ಹುಡ್ಗನಿಗೆ ಬರ್ಬೇಡ ಅಂತ ಬರೀತೀನಿ. ಜೂನ್ ಒಂದಕ್ಕೆ ಪಾಠ ಶುರು ಮಾಡು" ಎಂದರು.

ಏಪ್ರಿಲ್ ಸಂಚಿಕೆ ಹದಿನೆಂಟನೆಯ ತಾರೀಖು ಬಂತು. ಒಂದೇ ಹಾಳೆ. ನನ್ನ ಆಟಕ್ಕೆ ಹತ್ತೊಂಬತ್ತು ಅಂಕ, ಕ್ಷಮೆಯ ಮಾತು, ಅದರ ಕೆಳಗೆ ಹೀಗಿತ್ತು: "ಇಲ್ಲದ ಅಕ್ಷರಗಳನ್ನು ಕಂಡು, ಕಂಡೆನೆಂದು ಬರೆದೂ ಇದ್ದೇನೆ. ಕಣ್ಣನ್ನೂ ನೆನಪನ್ನೂ ನಂಬಲಾಗದವನು ಇನ್ನೊಬ್ಬರ ಶ್ರಮಕ್ಕೆ ಅಂಕ ಹಾಕಬಾರದು. ಇದು ಕೊನೆಯ ಸಂಚಿಕೆ." ಅದನ್ನು ಡೈರಿಗೆ ಅಂಟಿಸಿದೆ. ಆ ದಿನ ಹೋಳಿಗೆ ಮಾಡಿಸಿಕೊಂಡು ತಿಂದೆ ಎಂದೂ ಬರೆದಿದೆ.

ಆ ಜೂನ್‌ನಿಂದ ಪಾಠ ಹೇಳುತ್ತಿದ್ದೇನೆ, ಎರಡು ವರ್ಷವಾಯಿತು. ಮೊದಲ ತರಗತಿಯಲ್ಲೇ ಹದಿನಾಲ್ಕು ಜನರಿಗೆ ಆ ಯಂತ್ರದಲ್ಲಿ ಕನ್ನಡ ಅಕ್ಷರ ಬರೆಯುವುದು ಹೇಳಿಕೊಡಲು ಹೋದೆ. ನನ್ನ 'ಕ್ಷ' ಮತ್ತೆ ಮೊದಲಿನ ಹಾಗೆ ಬರಲೇ ಇಲ್ಲ. ಕಳೆದ ವರ್ಷ ತರೀಕೆರೆಗೆ ಹೋದಾಗ ಲೈಬ್ರರಿ ಇದ್ದ ಜಾಗದಲ್ಲಿ ಬಳೆ ಅಂಗಡಿ ಇತ್ತು. ಮನೆ ಖಾಲಿ ಮಾಡಿಕೊಂಡು ಹೋದರು, ಎಲ್ಲಿಗೆಂದು ಗೊತ್ತಿಲ್ಲ ಎಂದರು ಅಂಗಡಿಯವರು. ಬಂದ ಮೇಲೆ ಆಟದಿಂದ ತೋಳು ತೆಗೆದು, ಹಳೆಯ ಬಣ್ಣದ ಚೌಕಗಳನ್ನೇ ಇಟ್ಟು, ಪಕ್ಕದ ಮನೆಯ ಹಾಳೆ ಹಾಕಿದ ಟಿವಿಯಲ್ಲಿ ಮೂವತ್ತು ಸಲ ಆಡಿದೆ. ಇಪ್ಪತ್ತೆಂಟು ಸಲ ಎರಡು ನಿಮಿಷದೊಳಗೆ ಕಡೂರಿನಲ್ಲಿ ಡಿಕ್ಕಿ. ಅವರ ಐದು ತಲೆಬರಹದ ಪ್ರಕಾರವೇ ಅಂಕ ಹಾಕಿದೆ, ಆರು ಬಂತು. ನಾಲ್ಕು ಕೊಟ್ಟದ್ದು ಕಡಿಮೆಯೇ ಎಂದು ಈಗಲೂ ಹೇಳುತ್ತೇನೆ. ಊರಾಚೆಯ ಮಾತಿಗೆ ನನ್ನ ಸಿಟ್ಟೂ ಇಳಿದಿಲ್ಲ.

ಆದರೆ ಹೊರಗೆ ಉಳಿದ ಆ ಎರಡು ಕ್ಯಾಸೆಟ್ ಬೇಕು. ಒಂದು ಹಿರೇನಲ್ಲೂರು ಕಡೆಯವರು ಒಯ್ದದ್ದು, ಇನ್ನೊಂದು ಯಾರ ಕೈ ಸೇರಿತೋ ತಿಳಿಯದು. ಎರಡಕ್ಕೂ ನೀಲಿ ಲೇಬಲ್ ಇದೆ, ಟೈಪ್ ಮಾಡಿದ ಹೆಸರಿದೆ. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅದರ ಮೇಲೆ ಹಾಡು ರೆಕಾರ್ಡ್ ಮಾಡಬೇಡಿ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ತರೀಕೆರೆಯಲ್ಲಿ ಆಟಗಳಿಗೆ ಅಂಕ ಹಾಕುತ್ತಿದ್ದವರು ಈಗ ಎಲ್ಲಿದ್ದಾರೆಂದು ಗೊತ್ತಿದ್ದವರೂ ಬರೆಯಿರಿ. ಕ್ಯಾಸೆಟ್ ಸಿಕ್ಕಿದರೆ ಅವರಿಗೆ ಕಳಿಸಬೇಕಾಗಿದೆ. ಅದರಲ್ಲಿ ಹೆಸರು ಕನ್ನಡದಲ್ಲೇ ಇತ್ತು.